ಅರೆಬೆಂದ ಕೂದಲು

ಬರುವ ತಿಂಗಳ ಕೊನೆಗೆ ನನ್ನ ನಿವೃತ್ತಿ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಇಷ್ಟು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನು ಸುಮ್ಮನೆ ಕೈಬೀಸಿಕೊಂಡು ಮನೆಗೆ ಹೋಗುವ ಹಾಗಿಲ್ಲ. ಲ್ಯಾಬಿನ ಸಾಮಾನುಗಳನ್ನೆಲ್ಲ ಮುಂದೆ ಬರುವವರಿಗೆ ಒಪ್ಪಿಸಿ ಹೋಗಬೇಕು. ಬ್ಯೂರೆಟ್ಟು, ಪಿಪೆಟ್ಟು, ಬಾಯಿ ಒಡೆದ ಬೀಕರು, ಇಲಿ ಕಡಿದ ಲಿಟ್ಮಸ್ ಕಾಗದ ಎಲ್ಲವೂ ಪಟ್ಟಿಯ ಪ್ರಕಾರ ಸಿಕ್ಕಿದವು. ಸ್ಟಾಪ್‌ವಾಚ್ ಮಾತ್ರ ಎರಡಿರಬೇಕಾದ ಕಡೆ ಒಂದೇ ಇತ್ತು. ಅಟೆಂಡರನ್ನು ಕರೆದು ಗದರಿಸಿದೆ. ಅವನು ಪಾಪ ಬೆಂಚಿನ ಕೆಳಗೆಲ್ಲ ಬಗ್ಗಿ ಹುಡುಕಿದ. ಸಂಜೆ ಮನೆಗೆ ಬಂದು ಬೀರುವಿನ ಕೆಳಖಾನೆಯಲ್ಲಿ ಹಳೇ ಪಂಚೆ ಎಳೆಯುವಾಗ ಅದರ ಮಡಿಕೆಯಿಂದ ಸ್ಟಾಪ್‌ವಾಚ್ ಟಣ್ಣೆಂದು ನೆಲಕ್ಕೆ ಬಿತ್ತು. ಅಟೆಂಡರನಲ್ಲಿ ತಪ್ಪಾಯಿತು ಎನ್ನಬೇಕು, ಅನ್ನುತ್ತೇನೆ. ಆದರೆ ಆ ಸಾಲಿನಲ್ಲಿ ಅವನಿಗಿಂತ ಮುಂದೆ ಇನ್ನೊಬ್ಬರು ನಾಲ್ಕು ವರ್ಷದಿಂದ ನಿಂತಿದ್ದಾರೆ.

ಅದು ಕೀಲಿ ಕೊಡುವ ಹಳೇ ಕಾಲದ ಸ್ಟಾಪ್‌ವಾಚ್. ನೆತ್ತಿಯ ಗುಂಡಿ ಒಮ್ಮೆ ಒತ್ತಿದರೆ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ, ಮೂರನೇ ಸಲಕ್ಕೆ ಮುಳ್ಳುಗಳು ಸೊನ್ನೆಗೆ ಮರಳುತ್ತವೆ. ಆ ಮೂರನೇ ಸಲವನ್ನು ನಾನು ಒತ್ತಿರಲಿಲ್ಲ. ಒಳಗಿನ ಪುಟ್ಟ ಮುಳ್ಳು ಇಪ್ಪತ್ತೆರಡನೇ ನಿಮಿಷದ ಮೇಲೆ ಹಾಗೇ ನಿಂತಿತ್ತು. ಅದನ್ನು ನೋಡಿದ ಕೂಡಲೇ ನಾಲ್ಕು ವರ್ಷದ ಹಿಂದೆ ಕೂದಲಿಗೆ ಹಚ್ಚಿದ ಒಂದು ಕ್ರೀಮಿನ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಂದ ಹಾಗಾಯಿತು. ಪಂಚೆಯನ್ನು ಅಲ್ಲೇ ಬಿಟ್ಟು ಮಂಚದ ಮೇಲೆ ಕೂತೆ.

ಕೂದಲಿನ ಕಥೆ ಹೇಳಲು ಹೊರಟಿದ್ದೇನೆ, ನಗಬೇಡಿ. ನನ್ನ ತಲೆಯಲ್ಲಿ ಈಗ ಕಿವಿಯ ಮೇಲೆ ಎರಡು ಗೆರೆ ಬಿಟ್ಟರೆ ಬೇರೇನೂ ಇಲ್ಲ. ಇದ್ದಾಗಲೂ ಅದಕ್ಕೊಂದು ಲಕ್ಷಣ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಹಳೇಕೋಟೆಯ ಕಡೆ. ತಿಂಗಳಿಗೊಮ್ಮೆ ಬರುತ್ತಿದ್ದ ಕ್ಷೌರದವನು ಹೊಂಗೆಮರದ ಕೆಳಗೆ ಊರಿನ ಹುಡುಗರನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಒಂದೇ ಅಳತೆಗೆ ಇಳಿಸುತ್ತಿದ್ದ. ಯಾರ ಮಗ ಯಾರು ಅಂತ ತಾಯಂದಿರಿಗೇ ಒಂದು ಕ್ಷಣ ಗುರುತು ಹತ್ತುತ್ತಿರಲಿಲ್ಲ. ಭಾನುವಾರ ಬಂತೆಂದರೆ ಅವ್ವ ಒಬ್ಬೊಬ್ಬರನ್ನೇ ಹಿಡಿದು ಹರಳೆಣ್ಣೆ ತಟ್ಟುತ್ತಿದ್ದಳು. ತಟ್ಟುವುದು ಎಂದರೆ ನಿಜವಾಗಿ ತಟ್ಟುವುದೇ. ನೆತ್ತಿಯ ಮೇಲೆ ಅಂಗೈಯಲ್ಲಿ ರಪರಪ ಬಡಿದರೆ ಎಣ್ಣೆ ಮಿದುಳಿಗೆ ಇಳಿದು ಬುದ್ಧಿ ತಂಪಾಗುತ್ತದೆ ಎಂದು ಅವಳ ನಂಬಿಕೆ. ಆಮೇಲೆ ಹಂಡೆಯ ಸುಡುನೀರು, ಕಣ್ಣಿಗೆ ಬಿದ್ದ ಸೀಗೆಪುಡಿ, ಅಳು. ಎಷ್ಟು ಸೀಗೆ ಹಾಕಿ ಉಜ್ಜಿದರೂ ಹರಳೆಣ್ಣೆಯ ಜಿಡ್ಡು ಪೂರಾ ಹೋಗುತ್ತಿರಲಿಲ್ಲ. ಸೋಮವಾರ ಸ್ಲೇಟಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರೆ ಅಲ್ಲೊಂದು ಎಣ್ಣೆಯ ಹುಣ್ಣಿಮೆ ಮೂಡುತ್ತಿತ್ತು. ಈ ಹರಳೆಣ್ಣೆಯ ಸಂಗತಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಹೆಂಡತಿ ಮಂಜುಳಾ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವಳು. ಹೆಣ್ಣು ನೋಡಲು ಹೋದ ದಿನ ಅವಳ ಅವ್ವ ಆ ಕೂದಲಿಗೆ ಎಣ್ಣೆ ಹಚ್ಚಿ, ಎಳೆದೆಳೆದು ಜಡೆ ಹೆಣೆದು, ಮೇಲೆ ಮೊಳಗಟ್ಟಲೆ ಕನಕಾಂಬರ ಮುಚ್ಚಿದ್ದರು. ಹಾಗಾಗಿ ಅದು ಗುಂಗುರು ಕೂದಲೆಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ, ಮೊದಲನೇ ಸಲ ತಲೆಗೆ ಸ್ನಾನ ಮಾಡಿ ಬಿಸಿಲಿಗೆ ಬಂದು ನಿಂತಾಗ. ಬೆನ್ನು, ಭುಜ, ಕಿವಿ ಯಾವುದೂ ಕಾಣದಂತೆ ಸುರುಳಿ ಸುರುಳಿಯಾಗಿ ಹರಡಿಕೊಂಡಿತ್ತು. ಕೈಯಲ್ಲಿ ಪೇಪರು ಹಿಡಿದುಕೊಂಡು ನಾನು ಬಾಯಿಬಿಟ್ಟು ನೋಡುತ್ತ ನಿಂತುಬಿಟ್ಟೆ. ಎಷ್ಟು ಚೆಂದ ಅನ್ನಿಸಿತ್ತು ಅಂದರೆ ಇವತ್ತಿಗೂ ಆ ಬಿಸಿಲು ಕಣ್ಣಿಗೆ ಕಟ್ಟಿದೆ. ಅವಳು ನನ್ನತ್ತ ತಿರುಗಿ, ಏನು ಹಾಗೆ ನೋಡುತ್ತಿದ್ದೀರಿ ಅಂದಳು. ನಾನು ಏನಂದೆ ಗೊತ್ತೇ? ಇಷ್ಟೊಂದು ಕೂದಲು ಒಣಗುವುದಕ್ಕೆ ಎಷ್ಟು ಹೊತ್ತು ಬೇಕು ಅಂದೆ. ಆವಿಯಾಗುವಿಕೆಯ ಪಾಠ ಹೇಳುವವನ ಬಾಯಲ್ಲಿ ಬೇರೆ ಏನು ಬಂದೀತು! ಅವಳು ಎರಡು ಗಂಟೆ ಬೇಕು ಎಂದು ಹೇಳಿ ಒಳಗೆ ಹೋದಳು. ಚೆಂದ ಎನ್ನುವ ಮಾತು ನನ್ನಲ್ಲೇ ಉಳಿಯಿತು. ನಾಳೆ ಹೇಳೋಣ, ಇನ್ನೊಂದು ದಿನ ಹೇಳೋಣ ಅಂತ ಇಪ್ಪತ್ತಾರು ವರ್ಷ ಹೋಯಿತು.

ನಾನು ಹೇಳದೇ ಉಳಿದದ್ದನ್ನು ಬೇರೆಯವರು ಬೇರೆ ಥರ ಹೇಳುತ್ತ ಬಂದರು. ನನ್ನ ಅಕ್ಕ ಕಮಲಕ್ಕ ಹಾಸನದಲ್ಲಿದ್ದಾಳೆ. ಮನಸ್ಸು ಕೆಟ್ಟದ್ದಲ್ಲ, ನಾಲಿಗೆಗೆ ಮಾತ್ರ ತಡೆಯಿಲ್ಲ. ಅವಳ ದೊಡ್ಡ ಮಗಳ ಮದುವೆಯ ಫೋಟೋಗಳು ಬಂದ ದಿನ ಎಲ್ಲರೂ ಅವಳ ಮನೆಯ ಹಾಲಿನಲ್ಲಿ ಕೂತು ನೋಡುತ್ತಿದ್ದೆವು. ಗುಂಪು ಫೋಟೋದಲ್ಲಿ ಮಂಜುಳಾಳ ಜಡೆಯಿಂದ ತಪ್ಪಿಸಿಕೊಂಡ ಗುಂಗುರು ಹಣೆಯ ಸುತ್ತ ನಿಂತಿತ್ತು. ಅಕ್ಕ ಫೋಟೋದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿ, "ಲೇ, ನಿನ್ ಹೆಂಡ್ರ ತಲೇಲಿ ಗುಬ್ಬಿ ಎಷ್ಟ್ ಮೊಟ್ಟೆ ಇಕ್ಕದೆ ನೋಡ್ಲಾ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕಿದ್ದು ಸಾಲದು ಅಂತ, ಬೆಳಿಗ್ಗೆ ಎದ್ದಾಗ ನೋಡಬೇಕು ಕಾಗೆಯೂ ಬಂದು ಸೇರಿಕೊಂಡಿರುತ್ತದೆ ಎಂದು ಒಂದು ಮಾತು ಸೇರಿಸಿದೆ. ಮಂಜುಳಾ ಕಾಫಿ ಲೋಟಗಳನ್ನು ತಟ್ಟೆಗೆ ಎತ್ತಿಡುತ್ತಿದ್ದಳು. ಅವಳೂ ನಕ್ಕಳು ಎಂದೇ ನಾನು ನಂಬಿಕೊಂಡಿದ್ದೆ.

ಅಕ್ಕನ ಎರಡನೇ ಮಗಳ ಮದುವೆ ಗೊತ್ತಾದಾಗ ಮಂಜುಳಾ ಒಂದು ದಿನ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ, ಈ ಸಲ ಕೂದಲು ನೇರ ಮಾಡಿಸಿಕೊಳ್ಳುತ್ತೇನೆ ಅಂದಳು. ಚನ್ನರಾಯಪಟ್ಟಣದಲ್ಲಿ ಅವಳ ಚಿಕ್ಕಮ್ಮನ ಮನೆಯಿದೆ. ಅಲ್ಲೇ ಹತ್ತಿರದಲ್ಲಿ ಶೋಭಾ ಎಂಬಾಕೆಯ ಬ್ಯೂಟಿ ಪಾರ್ಲರು. ಫೋನಿನಲ್ಲಿ ಶೋಭಾ ಒಂದೇ ಒಂದು ಕಟ್ಟಳೆ ಹೇಳಿದ್ದಳಂತೆ: ಬರುವ ಮೊದಲು ಒಂದು ವಾರ ತಲೆಗೆ ಎಣ್ಣೆ ಸೋಕಿಸಬಾರದು. ಅದಕ್ಕೆ ಸರಿಯಾಗಿ ಆ ವಾರವೇ ಮಂಜುಳಾ ತೌರುಮನೆಗೆ ಹೋದಳು. ಎಣ್ಣೆಯಿಲ್ಲದ ತಲೆ ಕಂಡು ನನ್ನ ಅತ್ತೆಗೆ ಗಾಬರಿ. ಮಗಳು ತಲೆಗೆ ಅದೇನೋ ಔಷಧಿ ಹಾಕಿಸಿಕೊಳ್ಳಲು ಹೊರಟಿದ್ದಾಳೆ ಎಂದು ತಿಳಿದ ಮೇಲಂತೂ ಅವರು ಸುಮ್ಮನಿರುವುದುಂಟೇ! "ಬರೀ ತಲೇಲಿ ಓಗ್ಬ್ಯಾಡ ಕಣವ್ವ, ನೆತ್ತಿ ಸುಟ್ಟೋಯ್ತದೆ" ಎಂದು ಹೊರಡುವ ಹಿಂದಿನ ದಿನ ಕೂರಿಸಿಕೊಂಡು ಅರ್ಧ ಬಟ್ಟಲು ಹರಳೆಣ್ಣೆ ಹಚ್ಚಿ ತಿಕ್ಕಿದರು. ಬೇಡ ಎನ್ನಲು ಮಂಜುಳಾಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಸೀಗೆ ಹಾಕಿ ತೊಳೆದುಕೊಂಡು ಬಸ್ಸು ಹತ್ತಿದಳು. ಶೋಭಾ ಎಣ್ಣೆ ಹಾಕಿದ್ದಿರಾ ಅಂದಾಗ ಇಲ್ಲ ಅಂದಳು. ಅವ್ವ ಹಚ್ಚಿದ ಎಣ್ಣೆಯನ್ನು ಬೇರೆಯವರ ಮುಂದೆ ತಪ್ಪೆಂದು ಒಪ್ಪಿಕೊಳ್ಳುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅಷ್ಟು ಸುಲಭವಲ್ಲ.

ಶೋಭಾ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದಳು. ಕ್ರೀಮು ಹಚ್ಚಿ, ಕಾಯಿಸಿ, ಇಸ್ತ್ರಿಯ ಥರದ್ದೊಂದನ್ನು ಎಳೆದು, ಮೂರು ದಿನ ನೀರು ಸೋಕಿಸಬೇಡಿ, ಪಿನ್ನು ಹಾಕಬೇಡಿ ಎಂದು ಕಳಿಸಿದ್ದಳು. ಆ ಮೂರು ದಿನ ಮಂಜುಳಾ ಕತ್ತು ಅಲ್ಲಾಡಿಸದೆ ಓಡಾಡಿದಳು. ನಾಲ್ಕನೇ ದಿನ ತೊಳೆದು ಒಣಗಿಸಿದರೆ ಮುಂದಿನ ಕೂದಲು ಜಾರುವಷ್ಟು ನೇರ, ಹಿಂದಿನದು ಅರ್ಧ ನೇರ ಅರ್ಧ ಸುರುಳಿ, ಕತ್ತಿನ ಮೇಲಿನದು ಮೊದಲಿಗಿಂತ ಹೆಚ್ಚು ಕೆದರಿಕೊಂಡಿತ್ತು. ಅಕ್ಕಿ ಕೆಲವು ಬೆಂದು ಕೆಲವು ಕಾಳಾಗೇ ಉಳಿದರೆ ಅನ್ನ ಹೇಗಿರುತ್ತದೆಯೋ ಹಾಗೆ. ಕನ್ನಡಿಯ ಮುಂದೆ ನಿಂತು ಅವಳು ಬಾಚಣಿಗೆ ಕೆಳಗಿಟ್ಟಳು. ಮದುವೆಗೆ ಹತ್ತು ದಿನ ಉಳಿದಿತ್ತು.

ಫೋನು ಮಾಡಿದಾಗ ಶೋಭಾ ಹೇಳಿದ್ದು ಎರಡು ಮಾತು. ಒಂದು ತಿಂಗಳು ಆ ಕೂದಲನ್ನು ಮುಟ್ಟಬೇಡಿ, ಈಗಲೇ ಇನ್ನೊಂದು ಸಲ ಹಾಕಿದರೆ ಅದು ತಡೆಯುವುದಿಲ್ಲ. ಎರಡನೆಯದು, ಮದುವೆಯ ದಿನ ಬೆಳಿಗ್ಗೆ ನಾನೇ ಹಾಸನಕ್ಕೆ ಬಂದು ಇಸ್ತ್ರಿ ಎಳೆದು ಜಡೆ ಹಾಕಿ ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ಮಾತು ಇನ್ನೇನು ಬೇಕಿತ್ತು? ಮಂಜುಳಾ ಒಪ್ಪಿಯೂ ಇದ್ದಳು. ಸುಮ್ಮನಿರಲಾರದೆ ನಡುವೆ ತಲೆ ಹಾಕಿದವನು ನಾನು.

ನನಗೆ ಅದೊಂದು ವಿಜ್ಞಾನದ ಪ್ರಶ್ನೆಯಾಗಿ ಕಾಣಿಸಿತು. ಪತ್ತೇದಾರನ ಹಾಗೆ ಅವಳನ್ನು ಕೂರಿಸಿ ಒಂದೊಂದೇ ವಿಚಾರಿಸಿದೆ. ಹರಳೆಣ್ಣೆಯ ಸಂಗತಿ ಹೊರಗೆ ಬಿತ್ತು. ನಾನು ತೊಡೆ ತಟ್ಟಿಕೊಂಡೆ. ಗೋಡೆಯ ಕ್ಯಾಲೆಂಡರು ತೆಗೆದು ಅದರ ಹಿಂದೆ ಒಂದು ಕೂದಲಿನ ಚಿತ್ರ ಬರೆದು ಅವಳಿಗೆ ಪಾಠ ಹೇಳಿದೆ. ಕೂದಲಿನೊಳಗೆ ಗಂಧಕದ ಕೊಂಡಿಗಳಿರುತ್ತವೆ, ಸುರುಳಿಯನ್ನು ಹಿಡಿದಿಡುವುದು ಅವೇ. ಮೊದಲನೇ ಕ್ರೀಮು ಆ ಕೊಂಡಿಗಳನ್ನು ಬಿಚ್ಚುತ್ತದೆ. ಬಿಚ್ಚಿದಾಗ ಕೂದಲನ್ನು ನೇರ ಮಾಡಿಕೊಂಡು ಎರಡನೇ ಕ್ರೀಮಿನಿಂದ ಮತ್ತೆ ಕೊಂಡಿ ಹಾಕಬೇಕು. ಎಣ್ಣೆಯ ಜಿಡ್ಡು ಅಡ್ಡ ನಿಂತಿದ್ದರಿಂದ ನಿನ್ನ ಕೊಂಡಿಗಳು ಅರ್ಧ ಬಿಚ್ಚಿ ಅರ್ಧ ಉಳಿದಿವೆ, ಅಷ್ಟೇ, ಇನ್ನೊಂದು ಸಲ ಹಾಕಿದರೆ ಮುಗಿಯಿತು ಎಂದೆ. ಕಾರಣ ಹುಡುಕಿದ್ದು ಸರಿಯಾಗಿಯೇ ಇತ್ತು. ಕಾರಣ ಸರಿಯಾಗಿ ಹೇಳಿದವನಿಗೆ ಪರಿಹಾರವೂ ಗೊತ್ತಿರುತ್ತದೆ ಎಂದು ನಾನೂ ನಂಬಿದೆ, ಪಾಪ ಅವಳೂ ನಂಬಿದಳು. ಶೋಭಾ ತಿಂಗಳು ಬಿಡಿ ಅಂದಿದ್ದಳಲ್ಲ ಎಂದು ಒಮ್ಮೆ ಕೇಳಿದಳು. ಪಾರ್ಲರಿನವರಿಗೆ ಕೆಮಿಸ್ಟ್ರಿ ಏನು ಗೊತ್ತು ಎಂದುಬಿಟ್ಟೆ.

ಆ ಶನಿವಾರ ಹಾಸನಕ್ಕೆ ಹೋಗಿ ಸೌಂದರ್ಯದ ಸಾಮಾನು ಮಾರುವ ಅಂಗಡಿಯಿಂದ ಕ್ರೀಮಿನ ಪೆಟ್ಟಿಗೆ ತಂದೆ. ಒಂದು ನಂಬರಿನ ಟ್ಯೂಬು, ಎರಡು ನಂಬರಿನ ಟ್ಯೂಬು, ಜೊತೆಗೆ ಮಡಿಸಿಟ್ಟ ಕಾಗದ. ಅದರ ಸಾಸಿವೆ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಈಚೆಗೆ ಒಮ್ಮೆ ಹಾಕಿಸಿದ್ದರೆ ಮತ್ತೆ ಹಾಕಬೇಡಿ ಎಂದಿತ್ತು. ಅದು ಕಂಪೆನಿಯವರು ತಮ್ಮ ತಲೆ ಉಳಿಸಿಕೊಳ್ಳಲು ಬರೆಯುವುದು ಅಂದುಕೊಂಡೆ. ಮೊದಲು ಒಂದು ಎಳೆಗೆ ಹಚ್ಚಿ ಪರೀಕ್ಷೆ ಮಾಡಿ ಎಂದಿತ್ತು. ಇಲ್ಲಿ ನೀವು ನಿಜವಾಗಿಯೂ ನಗಬಹುದು. ಮೊದಲು ಪ್ರನಾಳದಲ್ಲಿ ಎರಡು ಹನಿ ಹಾಕಿ ನೋಡ್ರೋ, ಆಮೇಲೆ ಮಿಕ್ಕಿದ್ದು ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವನು ನಾನು. ಒಂದು ಎಳೆ ಕತ್ತರಿಸಿ ಬಟ್ಟಲಲ್ಲಿಟ್ಟು ನೋಡಲು ನನಗೆ ಬೇಕಾಗಿದ್ದದ್ದು ಕಾಲು ಗಂಟೆ. ಆ ಕಾಲು ಗಂಟೆಯನ್ನು ನಾನು ಅವಳಿಗೆ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಕನ್ನಡಿ ಒರಗಿಸಿ, ಅದರ ಮುಂದೆ ಸ್ಟೂಲು ಹಾಕಿ ಮಂಜುಳಾಳನ್ನು ಕೂರಿಸಿದೆ. ಹೆಗಲಿಗೆ ಹಳೇ ಪಂಚೆ. ನನ್ನ ಕೈಗೆ ಲ್ಯಾಬಿನ ಗ್ಲೌಸು. ಕುತ್ತಿಗೆಗೆ ದಾರದಲ್ಲಿ ಕಟ್ಟಿಕೊಂಡ ಲ್ಯಾಬಿನ ಸ್ಟಾಪ್‌ವಾಚ್. ಅವಳು ಕನ್ನಡಿಯಲ್ಲಿ ನನ್ನ ವೇಷ ನೋಡಿ ಸ್ವಲ್ಪ ನಕ್ಕಳು. ಆ ಸಂಗತಿ ಹೇಳಲೇಬೇಕು, ಏಕೆಂದರೆ ಆ ಹಿತ್ತಿಲಿನಲ್ಲಿ ನಾವಿಬ್ಬರೂ ಅಂಥ ಎಷ್ಟೋ ಭಾನುವಾರಗಳನ್ನು ಕಳೆದಿದ್ದೆವು. ಅವಳ ಬಲಭುಜ ಹಿಡಿದುಕೊಂಡು ಕೈ ಹಿಂದಕ್ಕೆ ಹೋಗದಂತಾದಾಗಿನಿಂದ ಭಾನುವಾರದ ಎಣ್ಣೆ ಹಚ್ಚುವ ಕೆಲಸ ನನ್ನದಾಗಿತ್ತು. ನಮ್ಮ ಅವ್ವನ ಹಾಗೆ ರಪರಪ ತಟ್ಟುತ್ತಿದ್ದೆ. ಮೆಲ್ಲಗೆ ಮೇಷ್ಟ್ರೇ, ಇದು ಕರಿಹಲಗೆಯಲ್ಲ ಎನ್ನುತ್ತಿದ್ದಳು. ಸಿಕ್ಕು ಬಿಡಿಸುತ್ತ ಸಂಬಳದ ಮಾತು, ಹಾಸನದ ಹಾಸ್ಟೆಲಿನಲ್ಲಿದ್ದ ಮಗಳ ಮಾತು, ಪಕ್ಕದ ಮನೆಯ ಸುದ್ದಿ ಎಲ್ಲ ಆಗುತ್ತಿತ್ತು. ಮದುವೆಯಾಗಿ ಅಷ್ಟು ವರ್ಷವಾದ ಗಂಡಹೆಂಡಿರು ಕೂತು ಮಾತಾಡಲು ಒಂದು ನೆಪ ಬೇಕಾಗುತ್ತದೆ. ನಮ್ಮ ನೆಪ ಆ ಕೂದಲು.

ಕ್ರೀಮು ಹಚ್ಚಿದೆ. ಅರೆಬೆಂದ ಭಾಗಕ್ಕೆ ಮಾತ್ರ ಹಚ್ಚಬೇಕಿತ್ತೋ ಏನೋ. ಎಲ್ಲ ಒಂದೇ ಸಮ ಬರಲಿ ಎಂದು ನೆತ್ತಿಯಿಂದ ತುದಿಯವರೆಗೆ ಧಾರಾಳವಾಗಿ ಬಳಿದೆ. ಕಾಗದದಲ್ಲಿ ಹೆಚ್ಚೆಂದರೆ ಹದಿನೈದು ನಿಮಿಷ, ನಡುನಡುವೆ ನೋಡುತ್ತಿರಿ ಎಂದಿತ್ತು. ಮೊದಲ ಸಲ ಹಿಡಿಯದ ಹಠಮಾರಿ ಕೂದಲು, ಇಪ್ಪತ್ತೆರಡು ಇರಲಿ ಎಂದು ನಾನೇ ಲೆಕ್ಕ ಹಾಕಿದ್ದೆ. ಗುಂಡಿ ಒತ್ತಿದೆ. ಮುಳ್ಳು ಓಡಿತು.

ಒಂಬತ್ತನೇ ನಿಮಿಷಕ್ಕೆ ಅವಳು, "ರೀ, ಹಿಂದ್ಗಡೆ ಉರೀತದೆ ಕಣ್ರೀ" ಅಂದಳು.

ನಾನು ಗಡಿಯಾರದಿಂದ ಕಣ್ಣು ತೆಗೆಯದೆ, "ಕೆಲಸ ಮಾಡ್ತಾ ಇದೆ ಅಂತ ಅರ್ಥ. ಸ್ವಲ್ಪ ತಡಿ" ಅಂದೆ.

ಹದಿನಾಲ್ಕನೇ ನಿಮಿಷಕ್ಕೆ ಇನ್ನೊಂದು ಸಲ ಅಂದಳು, ಈ ಸಲ ಸ್ವಲ್ಪ ಮೆಲ್ಲಗೆ. ನಾನು ಇನ್ನೆಂಟೇ ನಿಮಿಷ ಅಂದೆ. ಆಮೇಲೆ ಅವಳು ಏನೂ ಹೇಳಲಿಲ್ಲ. ಹೇಳಲಿಲ್ಲವಾದ್ದರಿಂದ ಉರಿ ಇಳಿದಿರಬೇಕು ಎಂದುಕೊಂಡೆ. ತರಗತಿಯಲ್ಲಿ ಯಾರೂ ಕೈಯೆತ್ತದಿದ್ದರೆ ಎಲ್ಲರಿಗೂ ಅರ್ಥವಾಯಿತು ಎಂದು ಮುಂದಿನ ಪಾಠಕ್ಕೆ ಹೋಗುವ ಅಭ್ಯಾಸ ನನ್ನದು. ಇಪ್ಪತ್ತೆರಡಕ್ಕೆ ಸರಿಯಾಗಿ ಗುಂಡಿ ಒತ್ತಿ ನಿಲ್ಲಿಸಿ, ಅವಳನ್ನು ಬಗ್ಗಿಸಿ ಚೊಂಬಿನಿಂದ ನೀರು ಹೊಯ್ದೆ. ಕೂದಲಿನೊಳಗೆ ಕೈಯಾಡಿಸಿದರೆ ಅದು ಕೂದಲಿನ ಹಾಗೆ ಇರಲಿಲ್ಲ. ಹೆಚ್ಚು ಬೆಂದ ಶಾವಿಗೆಯ ಹಾಗೆ ಮೆತ್ತಗಿತ್ತು, ಎಳೆದರೆ ರಬ್ಬರಿನಂತೆ ಉದ್ದವಾಗುತ್ತಿತ್ತು. ಮತ್ತೊಂದು ಚೊಂಬು ಹೊಯ್ದೆ. ಒಂದು ಹಿಡಿ ನನ್ನ ಗ್ಲೌಸಿಗೆ ಬಂತು. ಇನ್ನೊಂದು ಚೊಂಬಿಗೆ ಇನ್ನೊಂದು ಹಿಡಿ. ಬಚ್ಚಲಿಗೆ ಹೋಗುವ ತೂಬಿನ ಬಾಯಿಗೆ ಕೂದಲು ಸುತ್ತಿಕೊಂಡು ನೀರು ಕಟ್ಟಿ ನಿಂತಿತು. ಮಂಜುಳಾ ಬಗ್ಗಿದ್ದವಳು ಬಗ್ಗಿದಂತೆಯೇ, ಆಯ್ತಾ ಎಂದು ಕೇಳಿದಳು.

ಆಯ್ತು ಅಂದೆ.

ಕತ್ತಿನ ಹಿಂದೆ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು. ನೆತ್ತಿಯಿಂದ ಕೆಳಗೆ ಅಲ್ಲಲ್ಲಿ ಗೇಣುದ್ದ, ಅಲ್ಲಲ್ಲಿ ಬೆರಳುದ್ದ ಉಳಿದಿತ್ತು. ಅವಳು ಕನ್ನಡಿ ನೋಡಿಕೊಂಡಳು. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ತೂಬಿನ ಬಾಯಿಯ ಕೂದಲನ್ನು ತಾನೇ ಬಗ್ಗಿ ಎತ್ತಿ, ಹಿಂಡಿ, ಒಂದು ಹಳೇ ಪೇಪರಿನಲ್ಲಿ ಸುತ್ತಿದಳು. ಪೇಪರು ಹಿಡಿಸಲಿಲ್ಲ, ಇನ್ನೊಂದು ಹಾಳೆ ತೆಗೆದುಕೊಂಡಳು. ನಾನು ಗ್ಲೌಸು ಹಾಕಿಕೊಂಡೇ ನಿಂತಿದ್ದೆ. ಸ್ಟಾಪ್‌ವಾಚನ್ನು ಯಾವಾಗ ಬಿಚ್ಚಿ ಆ ಪಂಚೆಯೊಳಗೆ ಸುತ್ತಿಟ್ಟೆನೋ ನೆನಪಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ತಿಳಿಯದೆ ಮಾಡಿದ ತಪ್ಪು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಬಹುದಿತ್ತು. ತಿಳಿದೂ ಮಾಡಿದ್ದು ಇನ್ನೊಂದಿದೆ. ಮಾರನೇ ದಿನ ಅವಳನ್ನು ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಸೆರಗನ್ನು ತಲೆಯ ಮೇಲೆ ಹೊದ್ದು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಶೋಭಾ ಸೆರಗು ಸರಿಸಿ ನೋಡಿದಳು. ಆಮೇಲೆ, "ಅಕ್ಕಾ, ಯಾರು ಮಾಡಿದ್ದು ಇದನ್ನ?" ಅಂದಳು. ನಾನು ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದೆ.

"ನಾನೇ ಮಾಡ್ಕೊಂಡೆ" ಅಂದಳು ಮಂಜುಳಾ.

ಶೋಭಾಗೆ ಸಿಟ್ಟು ಬಂದಿತ್ತು. ಮಾಡಬೇಡಿ ಅಂತ ಹೇಳಿರಲಿಲ್ಲವಾ, ನಾಲ್ಕಕ್ಷರ ಓದಿದವರು ಹೀಗಾ ಮಾಡಿಕೊಳ್ಳುವುದು ಎಂದು ಬೈಯುತ್ತಲೇ ಕತ್ತರಿ ತೆಗೆದಳು. ಬೈಗುಳವೆಲ್ಲ ನನಗೆ ಸೇರಬೇಕಾದದ್ದು. ಮಂಜುಳಾ ತಲೆ ತಗ್ಗಿಸಿ ಅದನ್ನು ಕೇಳಿಸಿಕೊಂಡಳು. ನಾನು ಮಾಡಿದ್ದು ಎನ್ನಲು ಎರಡು ಪದ ಸಾಕಿತ್ತು. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಎದುರಿನ ಅಂಗಡಿಯ ಮುಂದೆ ತೆಂಗಿನಕಾಯಿ ಸುಲಿಯುವವನನ್ನು ಬಹಳ ಆಸಕ್ತಿಯಿಂದ ನೋಡಿದೆ. ಅವಳು ಕಿವಿಯವರೆಗೆ ಕತ್ತರಿಸಿದ ಕೂದಲಿನಲ್ಲಿ ಹೊರಗೆ ಬಂದಾಗ ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು.

ಮದುವೆಯಲ್ಲೂ ನಾನು ಬಾಯಿ ಬಿಡಲಿಲ್ಲ. ಹಾಸನದ ಛತ್ರದಲ್ಲಿ ಕಂಡವರೆಲ್ಲ ಕೇಳುವವರೇ. ತಿರುಪತಿಗೆ ಮುಡಿ ಕೊಟ್ಟಿರಾ ಎಂದು ಒಬ್ಬರು, ಟೈಫಾಯ್ಡ್ ಆಗಿತ್ತಾ ಎಂದು ಇನ್ನೊಬ್ಬರು. ಕಮಲಕ್ಕ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, ಗುಬ್ಬಿಗೂಡು ಕಿತ್ತುಹಾಕಿಸಿಬಿಟ್ಟೆಯಾ ಅಂದಳು. ಮಂಜುಳಾ ನಗುತ್ತ, ಕೆಟ್ಟ ಬುದ್ಧಿ ಬಂದು ಮನೆಯಲ್ಲೇ ಏನೋ ಹಚ್ಚಿಕೊಂಡೆ ಅತ್ತಿಗೆ ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಈ ವಯಸ್ಸಿನಲ್ಲಿ ಷೋಕಿ ಬೇಕಿತ್ತಾ ಎಂದು ಯಾರೋ ಅಂದರು. ನಾನು ಎರಡೆಲೆ ಆಚೆ ಕೂತು ಪಾಯಸ ಉಣ್ಣುತ್ತಿದ್ದೆ. ಅಕ್ಕ ನನ್ನ ಕಡೆ ನೋಡಿ, ಮೇಷ್ಟ್ರ ಹೆಂಡತಿಯಾಗಿ ಇಷ್ಟೂ ತಿಳಿಯಬಾರದಾ ಎಂದಳು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಕೂದಲು ಸುಟ್ಟದ್ದಕ್ಕಿಂತ ಹೆಚ್ಚು ನಾಚಿಕೆ ಅದಕ್ಕೇ ಆಗುತ್ತದೆ.

ಕೂದಲು ಮತ್ತೆ ಬಂತು. ಬುಡದಿಂದ ಬಂದದ್ದು ಮೊದಲಿನ ಹಾಗೆಯೇ ಗುಂಗುರು. ಈಗ ಭುಜ ಮುಟ್ಟುತ್ತದೆ, ನಡುವೆ ಬಿಳಿಯೂ ಸೇರಿದೆ. ಕತ್ತಿನ ಮೇಲೆ ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಮಾತ್ರ ಬರಲಿಲ್ಲ. ಹಿಂದೆ ನಿಂತು ನೋಡುವವರಿಗಷ್ಟೇ ಅದು ಕಾಣುವುದು. ಹಿಂದೆ ನಿಲ್ಲುವ ಕೆಲಸ ಈಗ ನನ್ನದಲ್ಲ. ಆ ಮದುವೆ ಮುಗಿದ ಮುಂದಿನ ಭಾನುವಾರ ನಾನು ಎಂದಿನಂತೆ ಎಣ್ಣೆ ಬಿಸಿ ಮಾಡಿಕೊಂಡು ಹಿತ್ತಿಲಿಗೆ ಹೋದಾಗ, ಅಲ್ಲಿ ಪಕ್ಕದ ಮನೆಯ ಗಿರಿಜಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಮಂಜುಳಾ ನನ್ನ ಕೈಯಿಂದ ಬಟ್ಟಲು ಇಸಿದುಕೊಂಡು, ನೀವು ಪೇಪರು ಓದಿ ಹೋಗಿ ಅಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಕಷ್ಟ ಕೊಡಬಾರದು ಎನ್ನುವ ಹಾಗಿತ್ತು. ಅಂದಿನಿಂದ ಈ ನಾಲ್ಕು ವರ್ಷವೂ ಭಾನುವಾರ ಬೆಳಿಗ್ಗೆ ಎಣ್ಣೆ ಬಿಸಿ ಮಾಡುವಷ್ಟಕ್ಕೆ ನನ್ನ ಪಾಲಿನ ಕೆಲಸ ಮುಗಿಯುತ್ತದೆ. ಪೇಪರಿನ ಹಿಂದೆ ಕೂತು ಹಿತ್ತಿಲಿನ ಮಾತು ಕೇಳಿಸಿಕೊಳ್ಳುತ್ತೇನೆ. ಮಗಳ ವಿಷಯ, ಭುಜದ ನೋವಿನ ವಿಷಯ, ನನಗೆ ಹೇಳದ ಎಷ್ಟೋ ವಿಷಯ ಗಿರಿಜಮ್ಮನಿಗೆ ಗೊತ್ತಿದೆ.

ಸ್ಟಾಪ್‌ವಾಚ್ ಸಿಕ್ಕಿದ್ದು ಮೊನ್ನೆ ಶುಕ್ರವಾರ. ಎರಡು ದಿನ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಈ ಭಾನುವಾರ ಎಣ್ಣೆ ಬಿಸಿ ಮಾಡಿಕೊಂಡು ಹಿತ್ತಿಲಿಗೆ ಹೋದರೆ ಗಿರಿಜಮ್ಮ ಇನ್ನೂ ಬಂದಿರಲಿಲ್ಲ. ಮಂಜುಳಾ ಸ್ಟೂಲಿನ ಮೇಲೆ ಕೂದಲು ಬಿಚ್ಚಿಕೊಂಡು ಬಿಸಿಲಿಗೆ ಕೂತಿದ್ದಳು. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಸ್ಟಾಪ್‌ವಾಚ್ ತೆಗೆದು ತೋರಿಸಿದೆ. ಅವಳು ನೋಡಿದಳು, ಏನೆಂದು ಕೇಳಲಿಲ್ಲ. ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹಿಂದುಮುಂದಾದವು. ತಪ್ಪಾಯಿತು ಅಂದೆ. ಶೋಭಾಳ ಮುಂದೆ, ಅಕ್ಕನ ಮುಂದೆ ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು ಅಂದೆ. ಅಕ್ಕನಿಗೆ ಇವತ್ತೇ ಫೋನು ಮಾಡಿ ಹೇಳುತ್ತೇನೆ ಅಂದೆ. ಮದುವೆಯಾದ ಹೊಸತರಲ್ಲಿ ನೀನು ಬಿಸಿಲಿಗೆ ನಿಂತಾಗ ಆ ಕೂದಲು ಬಹಳ ಚೆಂದ ಕಂಡಿತ್ತು ಎನ್ನುವುದನ್ನೂ ಸೇರಿಸಿದೆ. ಅದೊಂದು ಮಾತಿಗೆ ಮಾತ್ರ ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಮತ್ತೆ ಎದುರಿಗೆ ನೋಡುತ್ತ ಕೂತಳು.

"ಕೂದ್ಲು ಬಂತಲ್ಲ ಬಿಡಿ" ಅಂದಳು. "ಕಮಲಕ್ಕಂಗೆ ಏನೂ ಹೇಳೋದು ಬ್ಯಾಡ. ಅವತ್ತು ನೀವೀಗ ಕೂತಿರೋ ಕಲ್ಲಿಗೆ ಕನ್ನಡಿ ಒರಗ್ಸಿದ್ರಿ, ನೆನಪೈತಾ? ಉರೀತದೆ ಅಂದ್ಮೇಲೆ ನಾನು ಅದ್ರಲ್ಲಿ ನಿಮ್ ಮುಖಾನೇ ನೋಡ್ತಾ ಇದ್ದೆ. ಒಂದ್ಸಲ ತಲೆ ಎತ್ತಿ ನನ್ ಮುಖ ನೋಡ್ತೀರೇನೋ ಅಂತ. ನೀವು ಅದನ್ನೇ ನೋಡ್ತಾ ನಿಂತಿದ್ರಿ."

ನನ್ನ ಕೈಯಲ್ಲಿದ್ದದ್ದನ್ನು ಬೆರಳಿನಿಂದ ತೋರಿಸಿದಳು. ಇಪ್ಪತ್ತೆರಡು ನಿಮಿಷದಲ್ಲಿ ಒಂಬತ್ತು ಕಳೆದರೆ ಹದಿಮೂರು. ಹದಿಮೂರು ನಿಮಿಷ ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದಳು. ಅಳು ಬಂತು, ಮುಖ ಆ ಕಡೆ ಮಾಡಿಕೊಂಡೆ.

ಗಿರಿಜಮ್ಮ ಬೇಲಿಯ ಸಂದಿಯಿಂದ ಬಂದರು. ಬಂದವರೇ, ಎಣ್ಣೆ ಬಿಸಿ ಹದವಾಗಿದೆಯಾ ಮೇಷ್ಟ್ರೇ ಎಂದರು. ಬೆರಳು ಅದ್ದಿ ನೋಡಿದೆ. ನನ್ನ ಪ್ರಕಾರ ಹದವಾಗಿತ್ತು. ಹೌದು ಎನ್ನಲು ಬಾಯಿ ತೆರೆದವನು ತಡೆದು, ಬಟ್ಟಲನ್ನು ಮಂಜುಳಾಳ ಮುಂದೆ ಹಿಡಿದು ಅವಳ ಮುಖ ನೋಡಿದೆ. ಅವಳು ಕಿರುಬೆರಳು ಅದ್ದಿ, ಇನ್ನೊಂಚೂರು ಆರಲಿ ಅಂದಳು. ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡು, ಬಟ್ಟಲು ಹಿಡಿದುಕೊಂಡು ಅವಳ ಮುಂದೆ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅವಳು ಸಾಕು ಅಂದಳು. ಬಟ್ಟಲನ್ನು ಗಿರಿಜಮ್ಮನ ಕೈಗೆ ಕೊಟ್ಟೆ.